ಪುಕ್ಕಟೆ ಖಾತೆಯ ಖರ್ಚು ಯಾರದು?

ಇಂಗ್ಲೆಂಡಿಗೆ ಬಂದು ನೆಲೆಸಿದಂದಿನಿಂದ ನನ್ನ ಸಂಬಳದ ಖಾತೆಗಾಗಿ ಬ್ಯಾಂಕಿಗೆ ನಾನು ಒಂದು ಪೆನ್ನಿಯನ್ನೂ ಕೊಟ್ಟಿಲ್ಲ. ಕಾರ್ಡು ಕೊಟ್ಟಿದ್ದಾರೆ, ಅದು ಕಳೆದುಹೋದಾಗ ಹೊಸದನ್ನು ಕಳಿಸಿದ್ದಾರೆ, ಬೀದಿಯ ಯಂತ್ರದಿಂದ ಅಪರಾತ್ರಿಯಲ್ಲಿ ನೋಟು ತೆಗೆದಿದ್ದೇನೆ. ಮನೆ ಬಾಡಿಗೆ, ಕರೆಂಟು, ಕೌನ್ಸಿಲ್ ತೆರಿಗೆ ಎಲ್ಲವೂ ತಿಂಗಳು ತಿಂಗಳು ತಾವಾಗಿಯೇ ಪಾವತಿಯಾಗಿವೆ. ಇಷ್ಟೆಲ್ಲಕ್ಕೂ ಶುಲ್ಕ ಸೊನ್ನೆ. ಇಲ್ಲಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. 1984ರಲ್ಲಿ ಮಿಡ್‌ಲ್ಯಾಂಡ್ ಬ್ಯಾಂಕು, ಖಾತೆಯಲ್ಲಿ ಹಣವಿರುವ ತನಕ ಯಾವ ಶುಲ್ಕವೂ ಇಲ್ಲವೆಂದು ಘೋಷಿಸಿತು. ಗ್ರಾಹಕರು ಕೈತಪ್ಪಿಹೋದಾರೆಂದು ಉಳಿದ ದೊಡ್ಡ ಬ್ಯಾಂಕುಗಳೂ ಅದೇ ಹಾದಿ ಹಿಡಿದವು. ಆಮೇಲೆ ದೊಡ್ಡವರಾದವರಿಗೆ ಬ್ಯಾಂಕ್ ಖಾತೆಯೆಂದರೆ ಪುಕ್ಕಟೆಯಾಗಿ ಸಿಗುವ ಒಂದು ಸೌಕರ್ಯ. ಆದರೆ ಶಾಖೆಯ ಬಾಡಿಗೆ, ಕೌಂಟರಿನಲ್ಲಿ ಕೂರುವವರ ಸಂಬಳ, ಕಂಪ್ಯೂಟರುಗಳ ಖರ್ಚು ಯಾವುದೂ ಪುಕ್ಕಟೆಯಲ್ಲವಲ್ಲ. ನನ್ನ ಪಾಲಿನ ಖರ್ಚನ್ನು ಬೇರೆ ಯಾರೋ ಕೊಡುತ್ತಿರಬೇಕೆಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಹಾಗೆ ಕೊಡುತ್ತಿದ್ದವರಲ್ಲಿ ಒಬ್ಬ ನನ್ನ ಜೊತೆಯಲ್ಲೇ, ಒಂದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ವಾಸವಾಗಿದ್ದ.

ಇದರ ಲೆಕ್ಕ ಆಮೇಲೆ, 2008ರ ಜುಲೈಯಲ್ಲಿ, ಆಫೀಸ್ ಆಫ್ ಫೇರ್ ಟ್ರೇಡಿಂಗ್ ಎಂಬ ಸರ್ಕಾರಿ ಸಂಸ್ಥೆಯ ವರದಿಯಲ್ಲಿ ಬಂತು. ಬ್ರಿಟನ್ನಿನ ಬ್ಯಾಂಕುಗಳು 2006ರಲ್ಲಿ ಇಂಥ ವೈಯಕ್ತಿಕ ಖಾತೆಗಳಿಂದ ಗಳಿಸಿದ್ದು ಸುಮಾರು 8.3 ಬಿಲಿಯನ್ ಪೌಂಡ್. ಅದರಲ್ಲಿ ಒಂದು ದೊಡ್ಡ ಪಾಲು ನನ್ನಂಥವರು ಖಾತೆಯಲ್ಲಿ ಬಿಟ್ಟ ಹಣಕ್ಕೆ ಬಡ್ಡಿ ಕೊಡದೆ ಉಳಿಸಿಕೊಂಡದ್ದು. ಆದ್ದರಿಂದ ನಾನೂ ಏನೋ ಒಂದಿಷ್ಟು ಕೊಡುತ್ತಿದ್ದೆ ಎನ್ನಬಹುದು, ಅದು ನನಗೆ ಕಾಣಿಸುತ್ತಿರಲಿಲ್ಲ ಅಷ್ಟೆ. ಆದರೆ ಸುಮಾರು 2.6 ಬಿಲಿಯನ್, ಎಂದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ, ಬಂದದ್ದು ಖಾತೆಯಲ್ಲಿ ಸಾಕಷ್ಟು ಹಣವಿಲ್ಲದೆ ಒಪ್ಪಂದ ಮೀರಿ ಓವರ್‌ಡ್ರಾಫ್ಟಿಗೆ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆದು ಬ್ಯಾಂಕಿಗೆ ಸಾಲಗಾರರಾಗುವುದಕ್ಕೆ) ಜಾರಿದವರಿಂದ ಮತ್ತು ಹಣವಿಲ್ಲದ್ದಕ್ಕೆ ಪಾವತಿ ವಾಪಸಾದವರಿಂದ. ಊಟ ಎಲ್ಲರಿಗೂ ಪುಕ್ಕಟೆ, ಆದರೆ ಲೋಟ ಬೀಳಿಸಿದವನು ಇಡೀ ಪಂಕ್ತಿಯ ಖರ್ಚಿನ ಮೂರನೇ ಒಂದು ಭಾಗ ಕೊಡಬೇಕು ಎಂದಂತೆ.

ರೆಡಿಂಗಿನ ಅಡುಗೆಮನೆಯಲ್ಲಿ

ಆಗ ನಾವು ರೆಡಿಂಗ್ ಎಂಬ ಊರಿನಲ್ಲಿ ಒಂದು ಮನೆಯನ್ನು ಹಂಚಿಕೊಂಡಿದ್ದೆವು. ಗೆಳೆಯ ಧಾರವಾಡದ ಕಡೆಯವನು, ಸ್ನಾತಕೋತ್ತರ ವಿದ್ಯಾರ್ಥಿ. ವೀಸಾ ಅನುಮತಿಸುವಷ್ಟು ಗಂಟೆ ಒಂದು ಗೋದಾಮಿನಲ್ಲಿ ರಾತ್ರಿಪಾಳಿ ಮಾಡುತ್ತಿದ್ದ. ಕೆಲಸ ಕೊಡಿಸಿದ ಏಜೆನ್ಸಿಯವರು ಕೂಲಿಯನ್ನು ಹೇಳಿದ ದಿನ ಹಾಕುತ್ತಿರಲಿಲ್ಲ; ಫೋನ್ ಕಂಪನಿಯವರು ಮಾತ್ರ ಖಾತೆಯಿಂದ ನೇರವಾಗಿ ಹಣ ಎಳೆದುಕೊಳ್ಳುವ ಡೈರೆಕ್ಟ್ ಡೆಬಿಟ್ ಹಾಕಿ ಹೇಳಿದ ದಿನವೇ ಹಣ ಕೇಳುತ್ತಿದ್ದರು. ಖಾತೆಯಲ್ಲಿ ಕೆಲವೇ ಪೌಂಡ್ ಕಡಿಮೆ ಇದ್ದರೂ ಬ್ಯಾಂಕು ಅದನ್ನು ವಾಪಸು ಕಳಿಸಿ, ಹಾಗೆ ಕಳಿಸಿದ್ದಕ್ಕೆ ಮೂವತ್ತೈದು ಪೌಂಡ್ ಹಾಕುತ್ತಿತ್ತು. ಆಗಿನ ಕನಿಷ್ಠ ಕೂಲಿ ಗಂಟೆಗೆ 5.35 ಪೌಂಡ್, ಎಂದರೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ ಆರೂವರೆ ಗಂಟೆಯ ದುಡಿಮೆ. ಕೆಟ್ಟದ್ದು ಅದಲ್ಲ. ಈ ಮೂವತ್ತೈದನ್ನು ಬ್ಯಾಂಕು ಕೂಡಲೇ ಕಡಿತ ಮಾಡದೆ ಮುಂದಿನ ತಿಂಗಳು ಕಡಿತ ಮಾಡುತ್ತಿತ್ತು. ಆ ಕಡಿತದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು. ಹಾಗೆ ಕೆಳಗೆ ಹೋದದ್ದಕ್ಕೆ, ಅನುಮತಿಯಿಲ್ಲದೆ ಸಾಲ ಪಡೆದಿದ್ದೀರಿ ಎಂದು, ಇನ್ನೊಂದು ಶುಲ್ಕ ಬೀಳುತ್ತಿತ್ತು. ಶುಲ್ಕವೇ ಶುಲ್ಕವನ್ನು ಹೆರುತ್ತಿದ್ದ ಆ ವ್ಯವಸ್ಥೆಯಲ್ಲಿ ಅವನು ಕೆಲವು ತಿಂಗಳು ಏನನ್ನೂ ಕೊಂಡುಕೊಳ್ಳದೆಯೇ ಸಾಲಗಾರನಾಗಿದ್ದ.

2006ರ ಚಳಿಗಾಲದ ಹೊತ್ತಿಗೆ ಇಡೀ ದೇಶದಲ್ಲಿ ಇದರ ಮಾತು ಎದ್ದಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಆಫೀಸ್ ಆಫ್ ಫೇರ್ ಟ್ರೇಡಿಂಗ್, ಕ್ರೆಡಿಟ್ ಕಾರ್ಡಿನ ಕಂತು ತಪ್ಪಿದ್ದಕ್ಕೆ 12 ಪೌಂಡಿಗಿಂತ ಹೆಚ್ಚು ಹಾಕಿದರೆ ಅದು ಅನ್ಯಾಯದ ಶುಲ್ಕವೆಂದೇ ತಾನು ಭಾವಿಸುವುದಾಗಿ ಹೇಳಿತ್ತು. ಇದೇ ತತ್ತ್ವ ಬ್ಯಾಂಕಿನ ಓವರ್‌ಡ್ರಾಫ್ಟಿಗೂ ಅನ್ವಯಿಸಬಹುದೆಂಬ ಸೂಚನೆಯೂ ಅದರಲ್ಲಿತ್ತು. ಅಷ್ಟು ಸಾಕಾಯಿತು. ಶುಲ್ಕ ವಾಪಸು ಕೇಳುವ ಮಾದರಿ ಪತ್ರಗಳು ಕೈಯಿಂದ ಕೈಗೆ ಹರಿದಾಡಿದವು. ಪತ್ರಿಕೆಗಳು ಅವನ್ನು ಅಚ್ಚು ಹಾಕಿದವು. ನನ್ನ ಕಚೇರಿಯಲ್ಲಿ ಊಟದ ಹೊತ್ತಿಗೆ ಜನ ಎಷ್ಟು ವಾಪಸು ಬಂತೆಂದು ಲಾಟರಿ ಫಲಿತಾಂಶ ಹೇಳುವ ಉತ್ಸಾಹದಲ್ಲಿ ಹೇಳುತ್ತಿದ್ದರು. ಆ ಮಾತನ್ನು ಮನೆಗೆ ತಂದವನು ನಾನು. ಗೆಳೆಯ ಮೊದಲು ಒಪ್ಪಲಿಲ್ಲ. "ಬ್ಯಾಂಕಿನವರ ಮ್ಯಾಲೆ ಕೇಸ್ ಹಾಕಿದ್ರ ನಾಳೆ ವೀಸಾಕ್ಕೇನರೆ ತ್ರಾಸ ಆದ್ರ ಏನ್ ಮಾಡೋದು?" ಎಂದು ಕೇಳಿದ. ಅದು ಹುಚ್ಚು ಭಯವೇನಲ್ಲ. ವಲಸೆ ಬಂದವನಿಗೆ ಯಾವ ಕಚೇರಿಯ ಕಡತ ಯಾವ ಕಚೇರಿಯ ಮೇಜಿಗೆ ಹೋಗುತ್ತದೆಂದು ಗೊತ್ತಿರುವುದಿಲ್ಲ. ಬ್ಯಾಂಕು, ಪೊಲೀಸು, ವೀಸಾ ಎಲ್ಲವೂ ಒಂದೇ ಸರ್ಕಾರದ ಬೇರೆ ಬೇರೆ ಬಾಗಿಲುಗಳಂತೆ ಕಾಣುತ್ತವೆ. ಈ ಕಾರಣಕ್ಕೇ ಹಕ್ಕಿನ ಹಣವನ್ನು ಕೇಳದೆ ಬಿಟ್ಟ ನಮ್ಮವರು ಬಹಳ ಮಂದಿ ಇದ್ದಾರು.

ಕೊನೆಗೆ ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಸ್ಟೇಟ್‌ಮೆಂಟುಗಳನ್ನೆಲ್ಲ ಹರಡಿ ಕುಳಿತೆವು. ಅರ್ಧದಷ್ಟು ಕಳೆದುಹೋಗಿದ್ದವು. 1998ರ ಡೇಟಾ ಪ್ರೊಟೆಕ್ಷನ್ ಕಾಯಿದೆಯಡಿ ಹತ್ತು ಪೌಂಡ್ ಚೆಕ್ ಇಟ್ಟು ಕೇಳಿದರೆ ಬ್ಯಾಂಕು ನಲವತ್ತು ದಿನಗಳೊಳಗೆ ಎಲ್ಲ ದಾಖಲೆ ಕೊಡಲೇಬೇಕಿತ್ತು. ಹಾಗೆ ತರಿಸಿಕೊಂಡ ಹಾಳೆಗಳ ಕಟ್ಟು ಅಂಚೆಪೆಟ್ಟಿಗೆಯ ಕಿಂಡಿಯಲ್ಲಿ ತೂರದೆ ಹೊರಗೇ ಬಿದ್ದಿತ್ತು. ಅವನು ಹಳದಿ ಪೆನ್ನಿನಿಂದ ಒಂದೊಂದೇ ಶುಲ್ಕಕ್ಕೆ ಬಣ್ಣ ಬಳಿಯುತ್ತಾ ಹೋದ, ನಾನು ಎಕ್ಸೆಲ್‌ನಲ್ಲಿ ದಿನಾಂಕ ಮತ್ತು ಮೊತ್ತ ತುಂಬುತ್ತಾ ಹೋದೆ. ಅಷ್ಟು ದಿನ ಬಿಡಿಬಿಡಿಯಾಗಿ ಸಹಿಸಿಕೊಂಡದ್ದು ಒಂದೇ ಕಾಲಂನಲ್ಲಿ ಒಟ್ಟುಗೂಡಿ ನಿಂತಾಗ ಅವನು ಆ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ. ಅದನ್ನು ಇಲ್ಲಿ ಬರೆಯುವುದು ಬೇಡ; ಅವನಪ್ಪ ಧಾರವಾಡದ ಸೊಸೈಟಿಯಲ್ಲಿ ಅವನ ಶಿಕ್ಷಣಕ್ಕೆಂದು ಎತ್ತಿದ್ದ ಸಾಲದ ವರ್ಷದ ಬಡ್ಡಿಗಿಂತ ಅದು ಹೆಚ್ಚಿತ್ತು ಎಂದಷ್ಟೇ ಹೇಳುತ್ತೇನೆ.

ಮೊದಲ ಪತ್ರಕ್ಕೆ ಬ್ಯಾಂಕಿನಿಂದ ಬಂದ ಉತ್ತರ ಎರಡು ಪ್ಯಾರಾಗ್ರಾಫಿನದು: ಶುಲ್ಕಗಳು ನ್ಯಾಯಯುತವಾಗಿವೆ, ಖಾತೆ ತೆರೆಯುವಾಗಲೇ ನಿಮಗೆ ಷರತ್ತುಗಳನ್ನು ತಿಳಿಸಲಾಗಿದೆ. ಎರಡನೆಯ ಪತ್ರದಲ್ಲಿ, ಹದಿನಾಲ್ಕು ದಿನಗಳೊಳಗೆ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗುವೆವೆಂದು ಬರೆದೆವು. ಅದಕ್ಕೆ ಬ್ಯಾಂಕು ಅರ್ಧ ಕೊಡುತ್ತೇನೆಂದಿತು. ಗೆಳೆಯನಿಗೆ ಅಷ್ಟು ಸಾಕೆನಿಸಿತ್ತು, ನನಗಲ್ಲ. ನಾನು ನನ್ನ ಹಣದ ಬಗ್ಗೆ ಎಂದೂ ಅಷ್ಟು ಹಟ ಹಿಡಿದವನಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬೇರೆಯವರ ಪರವಾಗಿ ಹಟ ಹಿಡಿಯುವುದು ಸುಲಭ. ಆರು ವರ್ಷಗಳವರೆಗಿನ ಶುಲ್ಕ ಕೇಳಲು ಕಾಲಮಿತಿ ಕಾಯಿದೆ ಅವಕಾಶ ಕೊಡುತ್ತಿತ್ತು, ವರ್ಷಕ್ಕೆ ಶೇಕಡಾ 8ರಂತೆ ಬಡ್ಡಿಯನ್ನೂ ಸೇರಿಸಬಹುದಿತ್ತು, ಐದು ಸಾವಿರ ಪೌಂಡಿನೊಳಗಿನ ಸಣ್ಣ ದಾವೆಯಾದ್ದರಿಂದ ಸೋತರೂ ಬ್ಯಾಂಕಿನ ವಕೀಲರ ಫೀಸು ನಮ್ಮ ತಲೆಗೆ ಬರುವ ಸಂಭವ ಕಡಿಮೆ. ದಾವೆ ಹೂಡಿದೆವು. ಬ್ಯಾಂಕು ದೊಡ್ಡ ವಕೀಲರ ಸಂಸ್ಥೆಯೊಂದರಿಂದ ಪ್ರತಿವಾದ ಸಲ್ಲಿಸಿತು. ವಿಚಾರಣೆಯ ದಿನಾಂಕ ಹತ್ತಿರ ಬಂದಾಗ, ತನ್ನ ಹೊಣೆಯನ್ನು ಒಪ್ಪಿಕೊಳ್ಳದೆ, ಕೇವಲ ವ್ಯಾಜ್ಯವನ್ನು ಮುಗಿಸುವ ಸಲುವಾಗಿ, ಬಡ್ಡಿ ಮತ್ತು ನ್ಯಾಯಾಲಯದ ಶುಲ್ಕವೂ ಸೇರಿ ಪೂರ್ತಿ ಹಣ ಕೊಡುವುದಾಗಿ ಪತ್ರ ಬರೆಯಿತು. ಆ ಕಾಲದ ಬಹುಪಾಲು ದಾವೆಗಳು ಹೀಗೆಯೇ ಮುಗಿದವು. ಒಂದು ಪಾವತಿಯನ್ನು ಕಂಪ್ಯೂಟರು ತಿರಸ್ಕರಿಸಲು ನಿಜವಾಗಿ ಎಷ್ಟು ಖರ್ಚಾಗುತ್ತದೆಂದು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳಬೇಕಾದೀತೆಂಬ ಅಳುಕೇ ಇದಕ್ಕೆ ಕಾರಣವೆಂದು ಎಲ್ಲರೂ ಆಡಿಕೊಂಡರು. ನನಗೂ ಹಾಗೆಯೇ ಅನ್ನಿಸುತ್ತದೆ.

ದಂಡವೋ ಬೆಲೆಯೋ

ಆ ಪತ್ರಗಳಲ್ಲಿ ನಾವು ಬರೆದ ವಾದ ಹಳೆಯದು. ಒಪ್ಪಂದ ಮುರಿದವನಿಂದ, ಆದ ನಷ್ಟವನ್ನು ಪ್ರಾಮಾಣಿಕವಾಗಿ ಅಂದಾಜು ಮಾಡಿದಷ್ಟು ಹಣ ಪಡೆಯಬಹುದೇ ಹೊರತು ಹೆದರಿಸುವ ಸಲುವಾಗಿ ದಂಡ ಹಾಕುವಂತಿಲ್ಲ ಎಂಬ ಇಂಗ್ಲಿಷ್ ಕಾನೂನಿನ ತತ್ತ್ವಕ್ಕೆ ಡನ್‌ಲಪ್ ಟೈರ್ ಕಂಪನಿಯ 1915ರ ಮೊಕದ್ದಮೆಯಲ್ಲಿ ಖಚಿತ ರೂಪ ಸಿಕ್ಕಿತ್ತು. ಇದರ ಜೊತೆಗೆ ಗ್ರಾಹಕರ ಒಪ್ಪಂದಗಳಲ್ಲಿನ ಅನ್ಯಾಯದ ಷರತ್ತುಗಳ ವಿರುದ್ಧ 1999ರ ನಿಯಮಾವಳಿಯೊಂದಿತ್ತು. ಬ್ಯಾಂಕುಗಳಿಗೆ ಇವೆರಡೂ ಗೊತ್ತಿತ್ತು. ಆದ್ದರಿಂದ ಅವು ಷರತ್ತುಗಳನ್ನು ಬೇರೆ ರೀತಿಯಲ್ಲಿ ಹೆಣೆದಿದ್ದವು: ಖಾತೆಯಲ್ಲಿ ಹಣವಿಲ್ಲದಾಗ ಗ್ರಾಹಕ ಪಾವತಿಗೆ ಹೇಳಿದರೆ ಅವನು ಒಪ್ಪಂದ ಮುರಿದಂತಲ್ಲ, ತಾತ್ಕಾಲಿಕ ಸಾಲ ಕೊಡಿರೆಂದು ಕೋರಿಕೆ ಸಲ್ಲಿಸಿದಂತೆ, ಆ ಕೋರಿಕೆಯನ್ನು ಪರಿಶೀಲಿಸುವುದು ಒಂದು ಸೇವೆ, ಶುಲ್ಕ ಆ ಸೇವೆಯದು. ನನ್ನ ಗೆಳೆಯ ರಾತ್ರಿಪಾಳಿ ಮುಗಿಸಿ ಮಲಗಿದ್ದಾಗ, ಅವನಿಗೆ ಗೊತ್ತೇ ಇಲ್ಲದೆ, ಅವನು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ್ದ, ಬ್ಯಾಂಕು ಅದನ್ನು ಕೂಲಂಕಷವಾಗಿ ಪರಿಶೀಲಿಸಿ ಮೂವತ್ತೈದು ಪೌಂಡಿನಷ್ಟು ಸೇವೆ ಸಲ್ಲಿಸಿ ತಿರಸ್ಕರಿಸಿತ್ತು.

ದಾವೆಗಳು ಲಕ್ಷಗಟ್ಟಲೆ ಆದಾಗ 2007ರ ಜುಲೈಯಲ್ಲಿ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಮತ್ತು ಬ್ಯಾಂಕುಗಳು ಸೇರಿ ಒಂದೇ ಪರೀಕ್ಷಾ ಮೊಕದ್ದಮೆಯಲ್ಲಿ ಇದನ್ನು ಇತ್ಯರ್ಥ ಮಾಡಿಕೊಳ್ಳಲು ಒಪ್ಪಿದವು. ಆಬಿ ನ್ಯಾಷನಲ್, ಬಾರ್ಕ್ಲೇಸ್, ಕ್ಲೈಡ್ಸ್‌ಡೇಲ್, ಎಚ್‌ಬಿಒಎಸ್, ಎಚ್ಎಸ್‌ಬಿಸಿ, ಲಾಯ್ಡ್ಸ್ ಟಿಎಸ್‌ಬಿ, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮತ್ತು ನೇಷನ್‌ವೈಡ್ ಸೊಸೈಟಿ ಒಂದು ಕಡೆ. 2008ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಆಂಡ್ರ್ಯೂ ಸ್ಮಿತ್, ಆಗ ಬಳಕೆಯಲ್ಲಿದ್ದ ಷರತ್ತುಗಳಂತೆ ಇದು ದಂಡವಲ್ಲ ಎಂದರು, ಆದರೆ 1999ರ ನಿಯಮಾವಳಿಯಡಿ ನ್ಯಾಯವೋ ಅನ್ಯಾಯವೋ ಎಂದು ಪರಿಶೀಲಿಸಬಹುದು ಎಂದರು. ಮೇಲ್ಮನವಿಯ ನ್ಯಾಯಾಲಯ 2009ರ ಫೆಬ್ರವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಗೆದ್ದೇಬಿಟ್ಟೆವೆಂದು ಜನ ಅಂದುಕೊಂಡರು. ಆ ವರ್ಷದ ಅಕ್ಟೋಬರಿನಲ್ಲಷ್ಟೇ ಹೊಸದಾಗಿ ಕೆಲಸ ಆರಂಭಿಸಿದ್ದ ಬ್ರಿಟನ್ನಿನ ಸುಪ್ರೀಂ ಕೋರ್ಟು ನವೆಂಬರ್ 25ರಂದು ಐವರು ನ್ಯಾಯಮೂರ್ತಿಗಳ ಒಮ್ಮತದಿಂದ ಎಲ್ಲವನ್ನೂ ತಿರುಗಿಸಿತು. ಓವರ್‌ಡ್ರಾಫ್ಟಿನ ಶುಲ್ಕವು ಖಾತೆಯ ಒಟ್ಟು ಸೇವೆಗಳಿಗೆ ಗ್ರಾಹಕರು ಕೊಡುವ ಬೆಲೆಯ ಒಂದು ಭಾಗ. ಕೊಟ್ಟ ಸೇವೆಗೆ ಪಡೆದ ಬೆಲೆ ಸರಿಯಾಯಿತೇ ಎಂದು ಅಳೆಯಲು ನಿಯಮಾವಳಿಯೇ ಅಡ್ಡಬರುತ್ತದೆ. ಆದ್ದರಿಂದ ಆಫೀಸ್ ಆಫ್ ಫೇರ್ ಟ್ರೇಡಿಂಗ್‌ಗೆ ಆ ದಾರಿಯಲ್ಲಿ ಮುಂದುವರಿಯುವ ಅಧಿಕಾರವಿಲ್ಲ.

ಆ ತೀರ್ಪನ್ನು ನಾನು ಆಮೇಲೆ ಪೂರ್ತಿ ಓದಿದೆ. ಕೋಪ ಬರುತ್ತದೆಂದು ಅಂದುಕೊಂಡಿದ್ದೆ, ಬರಲಿಲ್ಲ. ಶುಲ್ಕಗಳು ನ್ಯಾಯವೆಂದು ನ್ಯಾಯಾಲಯ ಎಲ್ಲೂ ಹೇಳಿಲ್ಲ. ಬ್ಯಾಂಕುಗಳ ಶುಲ್ಕದ ವ್ಯವಸ್ಥೆ ನ್ಯಾಯವೇ ಅಲ್ಲವೇ ಎಂದು ತೀರ್ಮಾನಿಸುವುದು ತಮ್ಮ ಮುಂದಿರುವ ಕೆಲಸವಲ್ಲವೆಂದು ಆ ಐವರಲ್ಲಿ ಒಬ್ಬರಾದ ಲಾರ್ಡ್ ವಾಕರ್ ಆರಂಭದಲ್ಲೇ ಸ್ಪಷ್ಟಪಡಿಸಿದ್ದಾರೆ. ವಿಚಿತ್ರವೆಂದರೆ, ಬ್ಯಾಂಕುಗಳನ್ನು ಗೆಲ್ಲಿಸಿದ ತರ್ಕವೇ ನನ್ನ ಅನುಮಾನಕ್ಕೆ ಪುರಾವೆಯಾಯಿತು. ಈ ಶುಲ್ಕಗಳಿಂದ ಖಾತೆಗಳ ಆದಾಯದಲ್ಲಿ ಶೇಕಡಾ 30ಕ್ಕೂ ಹೆಚ್ಚು ಬರುತ್ತದೆ, ಇವಿಲ್ಲದಿದ್ದರೆ ಪುಕ್ಕಟೆ ಬ್ಯಾಂಕಿಂಗ್ ನಡೆಯದು, ಆದ್ದರಿಂದ ಇವು ಎಲ್ಲರ ಖಾತೆಯ ಬೆಲೆಯ ಭಾಗ. ಎಂದರೆ ನನ್ನ ಖಾತೆಯ ಬೆಲೆಯನ್ನು ನನ್ನ ಗೆಳೆಯ ಕೊಟ್ಟಿದ್ದಾನೆ ಎಂಬುದು ಈಗ ನನ್ನ ಊಹೆಯಾಗಿ ಉಳಿಯಲಿಲ್ಲ, ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿಕೊಂಡ ಸಂಗತಿಯಾಯಿತು. ಕಾನೂನಿನ ಓದಾಗಿ ತೀರ್ಪು ಗಟ್ಟಿಯಾಗಿಯೇ ಇರಬಹುದು, ಅದನ್ನು ಅಲ್ಲಗಳೆಯುವಷ್ಟು ಕಾನೂನು ನನಗೆ ತಿಳಿಯದು. ಆದರೆ ಯಾವುದೇ ಬೆಲೆಯ ಬಗ್ಗೆ ಕೊಳ್ಳುವವನು ಮೊದಲೇ ಯೋಚಿಸಿರುತ್ತಾನೆ, ಅಂಗಡಿ ಅಂಗಡಿ ತಿರುಗಿ ಹೋಲಿಸಿ ನೋಡಿರುತ್ತಾನೆ ಎಂಬ ನಂಬಿಕೆಯ ಮೇಲೆ, ಬೆಲೆಯನ್ನು ಅಳೆಯುವಂತಿಲ್ಲ ಎಂಬ ನಿಯಮಾವಳಿಯ ಆ ವಿನಾಯಿತಿ ನಿಂತಿದೆ. ಖಾತೆ ತೆರೆಯುವ ದಿನ ತಾನು ಯಾವ ತಿಂಗಳು ಬಡವನಾಗುತ್ತೇನೆಂದು ಲೆಕ್ಕ ಹಾಕಿ ಬ್ಯಾಂಕು ಆರಿಸಿಕೊಂಡವರನ್ನು ನಾನು ಕಂಡಿಲ್ಲ.

ಸಾಲಿನಲ್ಲಿ ನಿಂತವರು

ಗೆಳೆಯನಿಗೆ ಹಣ ಸಿಕ್ಕಿದ್ದು ಅವನ ವಾದ ಗಟ್ಟಿಯಾಗಿದ್ದುದರಿಂದ ಅಲ್ಲ, ಅವನು ಬೇಗ ಕೇಳಿದ್ದರಿಂದ. ಪರೀಕ್ಷಾ ಮೊಕದ್ದಮೆ ಆರಂಭವಾದ ದಿನವೇ ಹಣಕಾಸು ಸೇವೆಗಳ ನಿಯಂತ್ರಕರು, ತೀರ್ಪು ಬರುವ ತನಕ ಇಂಥ ದೂರುಗಳನ್ನು ಇತ್ಯರ್ಥ ಮಾಡದೆ ಇಟ್ಟುಕೊಳ್ಳಬಹುದೆಂದು ಬ್ಯಾಂಕುಗಳಿಗೆ ವಿನಾಯಿತಿ ಕೊಟ್ಟರು. ಕೆಳ ನ್ಯಾಯಾಲಯಗಳಲ್ಲಿದ್ದ ದಾವೆಗಳಿಗೂ ತಡೆ ಬಿತ್ತು. ಅದಕ್ಕೆ ಮೊದಲು ಕೇಳಿದವರಿಗೆ ಪೂರ್ತಿ ಹಣ ಸಿಕ್ಕಿತು. ಕೆಲವೇ ವಾರ ತಡಮಾಡಿದವರು ಎರಡು ವರ್ಷಕ್ಕೂ ಹೆಚ್ಚು ಕಾದು ಬರಿಗೈಯಲ್ಲಿ ಉಳಿದರು. ಅನ್ಯಾಯ ಒಂದೇ, ಕಾಗದ ಪತ್ರ ಒಂದೇ, ಅಂಚೆಗೆ ಹಾಕಿದ ತಾರೀಕು ಮಾತ್ರ ಬೇರೆ.

ಹಾಗೆ ತಡವಾದವರಲ್ಲಿ ಪುತ್ತೂರಿನ ಕಡೆಯ ಒಬ್ಬ ನರ್ಸ್ ಇದ್ದರು. ಯುಗಾದಿಯ ಕೂಟವೊಂದರಲ್ಲಿ ಪರಿಚಯವಾದವರು, ನನಗಿಂತ ಹಿರಿಯರು. ಎಲ್ಲರಂತೆ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಗೆಳೆಯನ ಕಥೆ ಕೇಳಿ ಅವರು ಪತ್ರ ಬರೆದದ್ದು 2007ರ ಮಳೆಗಾಲ ಮುಗಿದ ಮೇಲೆ (ಇಲ್ಲಿ ಮಳೆಗಾಲವೆಂಬುದು ಬೇರೆಯಾಗಿ ಇಲ್ಲ, ಆದರೂ ನಾವಿಬ್ಬರೂ ಕಾಲವನ್ನು ಹಾಗೆಯೇ ಎಣಿಸುತ್ತಿದ್ದೆವು). ದೂರನ್ನು ಕಾಯ್ದಿರಿಸಲಾಗಿದೆ ಎಂಬ ಉತ್ತರ ಬಂತು, ತೀರ್ಪಿನ ನಂತರ ದೂರನ್ನು ತಿರಸ್ಕರಿಸಲಾಗಿದೆ ಎಂಬ ಉತ್ತರ ಬಂತು. ಉಳಿದದ್ದು ಒಂದೇ ದಾರಿ. ಆರ್ಥಿಕವಾಗಿ ಕಷ್ಟದಲ್ಲಿರುವ ಗ್ರಾಹಕರನ್ನು ಬ್ಯಾಂಕುಗಳು ಸಹಾನುಭೂತಿಯಿಂದ ನೋಡಿಕೊಳ್ಳಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು, ವಿನಾಯಿತಿಯ ಕಾಲದಲ್ಲೂ ಅಂಥವರ ದೂರುಗಳನ್ನು ಕೇಳಬೇಕಿತ್ತು, ತೀರ್ಪಿನಿಂದಲೂ ಅದು ಅಳಿಯಲಿಲ್ಲ. ಶುಲ್ಕ ಅನ್ಯಾಯವೆಂದು ಹೇಳಿ ಹಣ ಕೇಳುವಂತಿಲ್ಲ, ನಾನು ಕಷ್ಟದಲ್ಲಿದ್ದೇನೆ ಎಂದು ಹೇಳಿ ಕೇಳಬಹುದು.

2010ರಲ್ಲಿ ಒಂದು ಸಂಜೆ ಅವರ ಮನೆಯಲ್ಲಿ ಆ ಅರ್ಜಿಗೆ ಬೇಕಾದ ಆದಾಯ ಮತ್ತು ಖರ್ಚಿನ ಪಟ್ಟಿ ತುಂಬಲು ಕುಳಿತದ್ದು ನನಗೆ ಗೆಳೆಯನ ಭಾನುವಾರಕ್ಕಿಂತ ಹೆಚ್ಚು ನೆನಪಿದೆ. ಬಾಡಿಗೆ, ಕೌನ್ಸಿಲ್ ತೆರಿಗೆ, ಗ್ಯಾಸು, ಕರೆಂಟು, ಬಸ್ ಪಾಸು, ಮಗುವಿನ ಶಾಲೆಯ ಊಟ. ಪ್ರತಿಯೊಂದಕ್ಕೂ ಒಂದು ಸಾಲು ಇತ್ತು. ಪ್ರತಿ ತಿಂಗಳು ಊರಿಗೆ, ತಮ್ಮನ ಮನೆ ಕಟ್ಟುವ ಸಾಲಕ್ಕೂ ತಾಯಿಯ ಔಷಧಕ್ಕೂ ಕಳಿಸುತ್ತಿದ್ದ ಹಣಕ್ಕೆ ಮಾತ್ರ ಸಾಲು ಇರಲಿಲ್ಲ. ಇತರೆ ಎಂಬಲ್ಲಿ ಬರೆದರೆ ಅದು ಸಿಗರೇಟು, ಸಿನಿಮಾಗಳ ಜೊತೆ ಸೇರುತ್ತಿತ್ತು. ಬರೆಯದಿದ್ದರೆ ಲೆಕ್ಕದಲ್ಲಿ ಅವರಿಗೆ ತಿಂಗಳಿಗೆ ಚೆನ್ನಾಗಿಯೇ ಹಣ ಉಳಿಯುತ್ತಿತ್ತು. ಪೆನ್ನು ಕೆಳಗಿಟ್ಟು ಅಕ್ಕ ಹೇಳಿದರು: "ಸಂಬಳ ಉಂಟು, ಪರ್ಮನೆಂಟ್ ಕೆಲಸ ಉಂಟು. ಮತ್ತೆ ನಾನು ಕಷ್ಟದಲ್ಲಿದ್ದೇನೆ ಅಂತ ಹೇಗೆ ಬರೆಯುವುದು ಮಾರಾಯ? ಊರಲ್ಲಿ ಯಾರಿಗಾದರೂ ಗೊತ್ತಾದರೆ ಏನು ಹೇಳಿಯಾರು?" ಊರಿನವರ ಕಣ್ಣಿಗೆ ಆ ಕಾಗದ ಎಂದೂ ಬೀಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಆ ದಿನ ಸಹಿ ಮಾಡಲಿಲ್ಲ. ಗೆಳೆಯನ ಪತ್ರ ಬರೆಯುವಾಗ ನಮಗೆ ಒಂದು ಬಗೆಯ ಹುರುಪಿತ್ತು; ನಮ್ಮದನ್ನು ನಮಗೆ ಕೊಡಿ ಎಂದು ಕೇಳುವ ಪತ್ರವಾಗಿತ್ತು ಅದು. ಅಕ್ಕನ ಪತ್ರದಲ್ಲಿ ಬೇಡುವುದಷ್ಟೇ ಇತ್ತು. ತೀರ್ಪಿನಿಂದ ಜನ ಕಳೆದುಕೊಂಡದ್ದು ಹಣವೆಂದು ಪತ್ರಿಕೆಗಳು ಬರೆದವು. ಈ ವ್ಯತ್ಯಾಸವನ್ನು ಯಾರೂ ಲೆಕ್ಕ ಹಾಕಲಿಲ್ಲ. ತಾನು ಬಡವನೆಂದು ಪಟ್ಟಿ ಮಾಡಿ ಸಾಬೀತುಪಡಿಸಿದವನಿಗೆ ಬ್ಯಾಂಕು ಮರಳಿಸುವ ಹಣ ಅದರ ಔದಾರ್ಯವಾಗುತ್ತದೆ, ಶುಲ್ಕದ ಬಗ್ಗೆ ಯಾವ ಪ್ರಶ್ನೆಯೂ ಏಳುವುದಿಲ್ಲ, ಮುಂದಿನ ತಿಂಗಳು ಬೇರೊಬ್ಬನಿಗೆ ಅದೇ ಶುಲ್ಕ ಬೀಳುತ್ತದೆ.

ಕೆಲವು ದಿನಗಳ ನಂತರ ಅವರು ಸಹಿ ಮಾಡಿ ಕಳಿಸಿದರು. ಬ್ಯಾಂಕು ಸೌಜನ್ಯದ ಕ್ರಮವೆಂದು ಹೇಳಿ ಒಂದು ಪಾಲನ್ನು ಹಿಂತಿರುಗಿಸಿತು, ಮುಂದಿನ ಕೆಲವು ತಿಂಗಳ ಶುಲ್ಕವನ್ನು ತಡೆಹಿಡಿಯಿತು. ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದಿತ್ತು. ಅದಕ್ಕೆ ಖರ್ಚಿಲ್ಲ, ಬ್ಯಾಂಕಿನ ಅಂತಿಮ ಉತ್ತರ ಬಂದು ಆರು ತಿಂಗಳೊಳಗೆ, ಅಥವಾ ಎಂಟು ವಾರವಾದರೂ ಉತ್ತರವೇ ಬಾರದಿದ್ದರೆ, ಹೋಗಬಹುದು. ಅಕ್ಕ ಹೋಗಲಿಲ್ಲ. ಇನ್ನೊಮ್ಮೆ ಅದೇ ಪಟ್ಟಿಯನ್ನು ಇನ್ನೊಬ್ಬರ ಮುಂದೆ ಹರಡಲು ಅವರಿಗೆ ಮನಸ್ಸಿರಲಿಲ್ಲ.

ನಿಯಂತ್ರಕರು ಕಣ್ಣು ತೆರೆದ ಮೇಲೆ

ನ್ಯಾಯಾಲಯ ಮುಚ್ಚಿದ ಬಾಗಿಲನ್ನು ಕೊನೆಗೆ ತೆರೆದದ್ದು ನಿಯಂತ್ರಕ ಸಂಸ್ಥೆ, ಅದೂ ಹತ್ತು ವರ್ಷ ಕಳೆದ ಮೇಲೆ. ಆ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ಮೂವತ್ತೈದರ ಒಂದೇ ಪೆಟ್ಟಿನ ಬದಲು ದಿನಕ್ಕೆ ಇಷ್ಟು ಎಂಬ ಶುಲ್ಕಗಳನ್ನು ತಂದವು. ಸಂಬಳದ ಮುಂಗಡವಾಗಿ ದುಬಾರಿ ಬಡ್ಡಿಗೆ ಸಾಲ ಕೊಡುವ ಪೇಡೇ ಕಂಪನಿಗಳನ್ನು ದೇಶವೆಲ್ಲ ಬೈಯುತ್ತಿದ್ದ ಕಾಲವದು. 2015ರ ಜನವರಿಯಲ್ಲಿ ಅವರ ಬಡ್ಡಿಗೆ ದಿನಕ್ಕೆ ಶೇಕಡಾ 0.8ರ ಮಿತಿ ಬಿತ್ತು. ಕೆಲವು ಸಂದರ್ಭಗಳಲ್ಲಿ ಬ್ಯಾಂಕಿನ ಅನುಮತಿಯಿಲ್ಲದ ಓವರ್‌ಡ್ರಾಫ್ಟು ಆ ಪೇಡೇ ಸಾಲಕ್ಕಿಂತ ಹತ್ತು ಪಟ್ಟು ದುಬಾರಿ ಎಂದು ಆ ನಿಯಂತ್ರಕ ಸಂಸ್ಥೆ, ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯೇ ಹೇಳಬೇಕಾಯಿತು. ಅದೇ ಸಂಸ್ಥೆ ಕೊಟ್ಟ ಇನ್ನೊಂದು ಅಂಕಿ ನನ್ನನ್ನು ಇಂದಿಗೂ ಬಿಟ್ಟಿಲ್ಲ: 2016ರಲ್ಲಿ ಇಂಥ ಶುಲ್ಕಗಳ ಅರ್ಧಕ್ಕಿಂತ ಹೆಚ್ಚು ಹಣ ಬಂದದ್ದು ಕೇವಲ ಶೇಕಡಾ 1.5ರಷ್ಟು ಗ್ರಾಹಕರಿಂದ. ಯಾವಾಗಲೋ ಒಮ್ಮೆ ಎಡವಿದವರೆಲ್ಲ ಸೇರಿ ಕೊಡುವ ಹಣವೆಂದು ನಾನು ತಿಳಿದಿದ್ದೆ. ಅದು ಎದ್ದೇಳಲಾಗದ ಸ್ವಲ್ಪ ಮಂದಿಯಿಂದ ಮತ್ತೆ ಮತ್ತೆ ತೆಗೆದ ಹಣ.

2020ರ ಏಪ್ರಿಲ್ 6ರಿಂದ ಓವರ್‌ಡ್ರಾಫ್ಟಿಗೆ ಇಂತಿಷ್ಟು ಎಂಬ ನಿಗದಿ ಶುಲ್ಕ, ದಿನದ ಶುಲ್ಕ, ತಿಂಗಳ ಶುಲ್ಕ ಎಲ್ಲವನ್ನೂ ನಿಷೇಧಿಸಲಾಯಿತು. ಪಡೆದ ಮೊತ್ತಕ್ಕೆ, ಪಡೆದ ದಿನಗಳಿಗೆ ಒಂದೇ ದರದ ಬಡ್ಡಿ. ಅನುಮತಿಯಿಲ್ಲದ ಸಾಲಕ್ಕೆ ಅನುಮತಿಯಿರುವುದಕ್ಕಿಂತ ಹೆಚ್ಚು ದರ ಹಾಕುವಂತಿಲ್ಲ. ನೂರು ಪೌಂಡಿಗೆ ದಿನಕ್ಕೆ ಐದು ಪೌಂಡ್ ತೆಗೆಯುತ್ತಿದ್ದ ಕಡೆ ಇಪ್ಪತ್ತು ಪೆನ್ನಿಗಿಂತ ಕಡಿಮೆಯಾಗುತ್ತದೆಂದು ಸಂಸ್ಥೆ ಅಂದಾಜು ಮಾಡಿತು. ಬ್ಯಾಂಕುಗಳು ಸುಮ್ಮನಿರಲಿಲ್ಲ. ನೇಷನ್‌ವೈಡ್ ಮೊದಲಾಗಿ ಒಂದರ ಹಿಂದೊಂದರಂತೆ ದೊಡ್ಡ ಸಂಸ್ಥೆಗಳು ವರ್ಷಕ್ಕೆ ಶೇಕಡಾ 40ರ ಹತ್ತಿರದ ದರವನ್ನು ಘೋಷಿಸಿದವು. ಅದುವರೆಗೆ ಅನುಮತಿ ಪಡೆದು ಅಗ್ಗದ ಬಡ್ಡಿಗೆ ಓವರ್‌ಡ್ರಾಫ್ಟು ಬಳಸುತ್ತಿದ್ದವರಿಗೆ ಇದು ಏರಿಕೆಯಾಯಿತು, ನನ್ನ ಸಹೋದ್ಯೋಗಿಗಳಲ್ಲಿ ಹಲವರು ಗೊಣಗಿದರು. ಅವರ ಗೊಣಗಾಟದಲ್ಲಿ ಸತ್ಯವಿದೆ, ಆದರೂ ನಾನು ಈ ನಿಯಮದ ಪರ. ಶೇಕಡಾ 40 ಎಂಬುದು ಕಣ್ಣಿಗೆ ಕಾಣುವ ಬೆಲೆ. ಇನ್ನೊಂದು ಬ್ಯಾಂಕಿನದರ ಪಕ್ಕದಲ್ಲಿಟ್ಟು ನೋಡಬಹುದು, ದುಬಾರಿಯೆಂದು ಬೈಯಬಹುದು, ಬೇಗ ತೀರಿಸಬಹುದು. ಹತ್ತು ಪೌಂಡ್ ಕಡಿಮೆ ಬಿದ್ದವನಿಂದ ಹತ್ತು ಪೌಂಡಿನ ಬಡ್ಡಿಯನ್ನಷ್ಟೇ ತೆಗೆದರೆ ಅದು ಸಾಲ. ನನ್ನ ಖಾತೆ ಇಂದಿಗೂ ಪುಕ್ಕಟೆಯೇ ಇದೆ. ಆ ಶುಲ್ಕಗಳಿಲ್ಲದಿದ್ದರೆ ಪುಕ್ಕಟೆ ಬ್ಯಾಂಕಿಂಗ್ ಮುಗಿದಂತೆಯೇ ಎಂದು 2009ರಲ್ಲಿ ಹೆದರಿಸಿದವರು ಈಗ ಏನನ್ನುತ್ತಾರೋ.

ಧಾರವಾಡದಿಂದ ಒಂದು ಫೋನು

ಗೆಳೆಯ ಓದು ಮುಗಿಸಿ, ಒಂದಿಷ್ಟು ವರ್ಷ ಇಲ್ಲಿಯೇ ದುಡಿದು, ಊರಿಗೆ ಹಿಂತಿರುಗಿದ. 2018ರಲ್ಲಿ ಫೋನು ಮಾಡಿದಾಗ, ತನ್ನ ಅಪ್ಪನ ಹಳೆಯ ಖಾತೆಯೊಂದರಲ್ಲಿ ಕನಿಷ್ಠ ಮೊತ್ತವಿಲ್ಲವೆಂದು ಬ್ಯಾಂಕಿನವರು ಶುಲ್ಕ ಹಾಕಿ ಹಾಕಿ, ಅದರ ಮೇಲೆ ಜಿಎಸ್‌ಟಿಯನ್ನೂ ಸೇರಿಸಿ, ಖಾತೆಯನ್ನು ಸೊನ್ನೆಗಿಂತ ಕೆಳಗೆ ಇಳಿಸಿದ್ದಾರೆಂದು ಹೇಳಿದ. ನಮ್ಮ ದೇಶದಲ್ಲಿ ಸಾಮಾನ್ಯ ಉಳಿತಾಯ ಖಾತೆಗೆ ಓವರ್‌ಡ್ರಾಫ್ಟೇ ಇಲ್ಲ. ಸಾಲ ಕೇಳದವನನ್ನೂ ಶುಲ್ಕದಿಂದಲೇ ಸಾಲಗಾರನನ್ನಾಗಿ ಮಾಡುವ ಈ ಪದ್ಧತಿ ಮಾತ್ರ ಅವನಿಗೆ ಚೆನ್ನಾಗಿ ಪರಿಚಿತವಾಗಿತ್ತು. ಆ ಹೊತ್ತಿಗೆ ದೇಶದಲ್ಲೂ ಇದರ ಗದ್ದಲವಿತ್ತು. 2017ರ ಏಪ್ರಿಲ್‌ನಿಂದ ನವೆಂಬರ್ ತನಕ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಒಂದೇ ಕನಿಷ್ಠ ಮೊತ್ತದ ದಂಡವೆಂದು ಸುಮಾರು 1,772 ಕೋಟಿ ರೂಪಾಯಿ ಸಂಗ್ರಹಿಸಿದೆ, ಅದು ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ನಿವ್ವಳ ಲಾಭಕ್ಕಿಂತ ಹೆಚ್ಚು ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಆ ಬ್ಯಾಂಕು 2020ರ ಮಾರ್ಚಿನಲ್ಲಿ ಅದನ್ನು ಕೈಬಿಟ್ಟಿತು. ಬೆಂಗಳೂರಿನ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ತನ್ನ ಎಲ್ಲ ಉಳಿತಾಯ ಖಾತೆಗಳಿಗೂ ಕೈಬಿಟ್ಟಿತು, ಆಮೇಲೆ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದನ್ನು ಹಿಂಬಾಲಿಸಿದವು.

ಗೆಳೆಯ ನನ್ನನ್ನು ಸಲಹೆ ಕೇಳಲಿಲ್ಲ, ತಾನು ಬರೆದ ಪತ್ರವನ್ನು ಓದಿ ಹೇಳಿದ. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆಯನ್ನು ಅವನು ಹುಡುಕಿ ತೆಗೆದಿದ್ದ. ದಂಡ ಹಾಕುವ ಮೊದಲು ಗ್ರಾಹಕನಿಗೆ ತಿಳಿಸಿ ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಡಬೇಕು, ದಂಡವು ಎಷ್ಟು ಕಡಿಮೆಯಿದೆಯೋ ಅದಕ್ಕೆ ಅನುಗುಣವಾಗಿರಬೇಕು, ಕೇವಲ ಈ ದಂಡದ ಕಾರಣದಿಂದ ಖಾತೆ ಸೊನ್ನೆಗಿಂತ ಕೆಳಗೆ ಹೋಗಕೂಡದು. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮ. ಅಪ್ಪ ನಿವೃತ್ತರು, ವಯಸ್ಸಾದವರು, ಪಿಂಚಣಿಯ ಮೇಲೆ ಬದುಕುವವರು ಎಂದು ಒಂದು ಸಾಲು ಸೇರಿಸಿದರೆ ಮ್ಯಾನೇಜರಿಗೆ ಕರುಣೆ ಬಂದೀತು ಎಂದೆ. "ಕರುಣೆ ಯಾಕ ಬೇಕಲೇ? ಸರ್ಕ್ಯುಲರ್ ಐತಲ್ಲ," ಎಂದ. ಮೂವತ್ತು ದಿನಗಳೊಳಗೆ ಉತ್ತರ ಕೊಡದಿದ್ದರೆ ಬ್ಯಾಂಕಿಂಗ್ ಒಂಬುಡ್ಸ್‌ಮನ್‌ಗೆ ಬರೆಯುತ್ತೇನೆಂಬ ಮಾತಿನೊಂದಿಗೆ ಪತ್ರ ಮುಗಿದಿತ್ತು. ಒಂಬುಡ್ಸ್‌ಮನ್ ತನಕ ಹೋಗುವ ಪ್ರಮೇಯ ಬರಲಿಲ್ಲ. ಖಾತೆಯನ್ನು ಸೊನ್ನೆಗೆ ತಂದು ನಿಲ್ಲಿಸಿದರು. ನೋಟಿಸು ಕೊಡದೆ ಅದಕ್ಕೆ ಮೊದಲು ಕಡಿತ ಮಾಡಿದ್ದ ಹಣ ಎಲ್ಲಿ ಎಂದು ಅವನು ಎರಡನೆಯ ಪತ್ರ ಬರೆದ. ಅದಕ್ಕೆ, ಮೊಬೈಲಿಗೆ ಸಂದೇಶ ಕಳಿಸಲಾಗಿತ್ತು ಎಂಬ ಉತ್ತರ ಬಂತು. ಬ್ಯಾಂಕಿನಲ್ಲಿ ನೋಂದಣಿಯಾಗಿದ್ದ ನಂಬರು ಅಪ್ಪ ಬಿಟ್ಟು ವರ್ಷಗಳಾದ ಹಳೆಯದು. ಆ ಹಣ ಮರಳಿ ಬರಲಿಲ್ಲ.